ಸಿಂಗಾನಲ್ಲೂರಿನ ಮಗ, ಸಾಲಿಗ್ರಾಮದ ಮಗಳು



ರಾಜ್ಯೋತ್ಸವ ಬಂತೆಂದರೆ ಭುವನೇಶ್ವರಿಯ ಪಕ್ಕದಲ್ಲಿ ಬಿಳಿ ಪಂಚೆ, ಬಿಳಿ ಅಂಗಿಯ ಒಬ್ಬರ ಫೋಟೊ ಇಡುತ್ತೇವಲ್ಲ, ಅವರು ಡಾ. ರಾಜ್‌ಕುಮಾರ್ ಎಂಬುದು ನಿಮಗೆಲ್ಲ ಗೊತ್ತು. ಅಲ್ಲಿ ಅವರ ಹೆಂಡತಿ ಪಾರ್ವತಮ್ಮನವರ ಫೋಟೊ ಕೂಡ ಇರಬೇಕು ಎಂಬುದು ನನ್ನ ಬಹುದಿನದ ಆಸೆ. ಯಾಕೆ ಎಂದು ಹೇಳುತ್ತೇನೆ.

ಮೊದಲು ಊರಿನ ವಿಷಯ. ಕರ್ನಾಟಕದ ದಕ್ಷಿಣದ ತುದಿಯಲ್ಲಿ ರೇಷ್ಮೆಗೆ ಹೆಸರಾದ ಕೊಳ್ಳೇಗಾಲ ಇದೆ. ಅದರ ಒಂದು ಕಡೆ ಯಳಂದೂರು, ಅದರಾಚೆ ಬಿಳಿಗಿರಿರಂಗನ ಬೆಟ್ಟ. ಇನ್ನೊಂದು ಕಡೆ ಹನೂರು, ಅದರಾಚೆ ಮಾದಪ್ಪ ನೆಲೆಸಿರುವ ಮಲೆ ಮಹದೇಶ್ವರ ಬೆಟ್ಟ. ಈ ಕೊಳ್ಳೇಗಾಲ ಸೀಮೆಯ ಸಿಂಗಾನಲ್ಲೂರು ರಾಜ್‌ಕುಮಾರರ ತಂದೆಯ ಊರು. ರಾಜ್‌ಕುಮಾರರ ಪೂರ್ತಿ ಹೆಸರು ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಮುತ್ತುರಾಜು. ಹುಟ್ಟಿದ್ದು 1929ರ ಏಪ್ರಿಲ್ 24ರಂದು, ಕಾಡಿನ ಆಚೆಯ ಗಾಜನೂರಿನಲ್ಲಿ. ಆಗ ಎರಡೂ ಊರು ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿದ್ದವು. 1956ರಲ್ಲಿ ಭಾಷೆಯ ಲೆಕ್ಕದಲ್ಲಿ ರಾಜ್ಯಗಳನ್ನು ವಿಂಗಡಿಸಿದಾಗ ಕೊಳ್ಳೇಗಾಲ ನಮ್ಮ ಕಡೆ ಬಂತು, ಗಾಜನೂರು ಈಗಿನ ತಮಿಳುನಾಡಿನಲ್ಲೇ ಉಳಿಯಿತು. ಅಲ್ಲಿನ ಜನ ಇಂದಿಗೂ ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ನೀವು ಇಲ್ಲಿ ಮಾತಾಡುವ ಹಾಗೆ.

ತಂದೆ ಪುಟ್ಟಸ್ವಾಮಯ್ಯ ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಲ್ಲಿ ನಟರು. ಮುತ್ತುರಾಜನಿಗೂ ಕಂಪನಿಯೇ ಪಾಠಶಾಲೆಯಾಯಿತು. ಹಾಡು, ಮಾತು, ನಡಿಗೆ ಎಲ್ಲ ಕಲಿತದ್ದು ಅಲ್ಲೇ. 1953ರ ಜೂನ್ 25ರಂದು ಮೈಸೂರು ಜಿಲ್ಲೆಯ ಸಾಲಿಗ್ರಾಮದ ಪಾರ್ವತಮ್ಮನ ಜೊತೆ ಮದುವೆಯಾಯಿತು. ಹುಡುಗಿಗೆ ಆಗ ಹದಿನಾಲ್ಕೂ ತುಂಬಿರಲಿಲ್ಲ. ಆ ಕಾಲದಲ್ಲಿ ಹಾಗೆ ನಡೆಯುತ್ತಿತ್ತು; ಈಗ ಕಾನೂನು ಬಿಡುವುದಿಲ್ಲ, ಬಿಡಲೂಬಾರದು. ಮರುವರ್ಷವೇ 'ಬೇಡರ ಕಣ್ಣಪ್ಪ' ತೆರೆಗೆ ಬಂದು ಮುತ್ತುರಾಜು ರಾಜ್‌ಕುಮಾರ್ ಆದರು.

ಮುಂದಿನ ಇಪ್ಪತ್ತು ವರ್ಷ ಅವರು ಒಂದರ ಹಿಂದೊಂದು ಚಿತ್ರ ಮಾಡಿದರು. ಮದರಾಸಿನ ಮನೆಯಲ್ಲಿ ಪಾರ್ವತಮ್ಮ ಐದು ಮಕ್ಕಳನ್ನೂ ಬಂದುಹೋಗುವ ಬಳಗವನ್ನೂ ಸಾಕಿದರು. 1975ರಲ್ಲಿ 'ತ್ರಿಮೂರ್ತಿ' ಬಂತು. ಅದರ ನಿರ್ಮಾಪಕಿ ಪಾರ್ವತಮ್ಮ. ಅದಕ್ಕೆ ಸ್ವಲ್ಪವೇ ಮೊದಲು 'ಸಂಪತ್ತಿಗೆ ಸವಾಲ್' ಚಿತ್ರದಿಂದ ರಾಜ್‌ಕುಮಾರ್ ತಮ್ಮ ಪಾತ್ರಗಳಿಗೆ ತಾವೇ ಹಾಡತೊಡಗಿದ್ದರು. ಗಂಡನಿಗೆ ದನಿ ಸಿಕ್ಕ ಹೊತ್ತಿನಲ್ಲೇ ಹೆಂಡತಿಗೆ ಕೆಲಸ ಸಿಕ್ಕಿತು.

ನಿರ್ಮಾಪಕರೆಂದರೆ ದುಡ್ಡು ಹಾಕುವವರು ಅಷ್ಟೇ ಎಂದುಕೊಳ್ಳಬೇಡಿ. ಯಾವ ಕಥೆ, ಯಾರು ನಿರ್ದೇಶಕರು, ಯಾರು ಪಾತ್ರಧಾರಿಗಳು, ಯಾವಾಗ ಬಿಡುಗಡೆ ಎಂಬುದನ್ನೆಲ್ಲ ತೀರ್ಮಾನಿಸಿ, ಚಿತ್ರ ಸೋತರೆ ಸಾಲವನ್ನೂ ಹೊರಬೇಕಾದವರು ಅವರೇ. ಹೆಚ್ಚು ಓದದ ಈ ಹೆಣ್ಣುಮಗಳು ಗಂಡಸರೇ ತುಂಬಿದ್ದ, ಕನ್ನಡ ಚಿತ್ರೋದ್ಯಮದ ಕೇಂದ್ರವಾದ ಗಾಂಧಿನಗರದಲ್ಲಿ ಕೂತು ಅದನ್ನು ಮಾಡಿದರು. ಕಥೆಗಳನ್ನು ಹುಡುಕಲು ಮೈದುನ ವರದಪ್ಪ, ಮಾತು ಹಾಡು ಬರೆಯಲು ಚಿ. ಉದಯಶಂಕರ್, ಓಡಾಟಕ್ಕೆ ತಮ್ಮಂದಿರು ಇದ್ದರು. ಹೀಗೆ ತಯಾರಾದ ಚಿತ್ರಗಳು ಸುಮಾರು 80. ಸುಧಾರಾಣಿ, ಮಾಲಾಶ್ರೀ, ರಕ್ಷಿತಾ, ರಮ್ಯಾ ಎಲ್ಲ ನಾಯಕಿಯರಾಗಿ ಬೆಳಕಿಗೆ ಬಂದದ್ದು ಈ ಮನೆಯ ಚಿತ್ರಗಳಿಂದ. ಉಪೇಂದ್ರ ಎಂಬ ಹೊಸ ನಿರ್ದೇಶಕರು ರೌಡಿಗಳ ಲೋಕದ ಕಥೆ ತಂದಾಗ ಅದನ್ನೂ ಒಪ್ಪಿದರು. 1995ರ 'ಓಂ' ಹಾಗೆ ಆದದ್ದು.

ಈ ಚಿತ್ರಗಳಲ್ಲಿ ನೀವು ಮೊದಲು ನೋಡಬೇಕಾದದ್ದು 'ಬೆಟ್ಟದ ಹೂವು', 1985ರದು. ಕಥೆ ಶರ್ಲಿ ಅರೋರಾ ಎಂಬ ಅಮೆರಿಕದ ಲೇಖಕಿಯ ಕಾದಂಬರಿಯಿಂದ ಬಂದದ್ದು, ನಿರ್ದೇಶನ ಎನ್. ಲಕ್ಷ್ಮೀನಾರಾಯಣ್. ಬಡ ಹುಡುಗ ರಾಮು ಕಾಡಿನಲ್ಲಿ ಅಪರೂಪದ ಹೂವು ಹುಡುಕಿ ಮಾರಿ, ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಕೊಳ್ಳಲು ಒಂದೊಂದೇ ರೂಪಾಯಿ ಕೂಡಿಸುತ್ತಾನೆ. ಆದರೆ ಮನೆಯವರೆಲ್ಲ ಚಳಿಗೆ ನಡುಗುತ್ತಿದ್ದಾರೆ. ಆಮೇಲೆ ಅವನೇನು ಮಾಡಿದ ಎಂಬುದನ್ನು ನೀವೇ ನೋಡಿ. ರಾಮು ಆದದ್ದು ಈ ದಂಪತಿಯ ಕಿರಿಯ ಮಗ ಪುನೀತ್. ಅದಕ್ಕೆ ಅತ್ಯುತ್ತಮ ಬಾಲನಟನ ರಾಷ್ಟ್ರಪ್ರಶಸ್ತಿ ಬಂತು. ದೊಡ್ಡ ನಟನ ಮನೆಯವರು ಹೊಡೆದಾಟವಿಲ್ಲದ ಇಂಥ ಚಿತ್ರಕ್ಕೆ ದುಡ್ಡು ಹಾಕಿದರಲ್ಲ, ಅದಕ್ಕೆ ನನಗೆ ಪಾರ್ವತಮ್ಮನವರ ಮೇಲೆ ಗೌರವ. 1992ರ 'ಜೀವನ ಚೈತ್ರ'ವೂ ಅವರದೇ. ಅದರ ಹಾಡಿಗೆ ರಾಜ್‌ಕುಮಾರರಿಗೆ ಅತ್ಯುತ್ತಮ ಗಾಯಕರೆಂದು ರಾಷ್ಟ್ರಪ್ರಶಸ್ತಿ ಸಿಕ್ಕಿತು.

ರಾಜ್‌ಕುಮಾರರ ಸೀಮೆಯ ಹಾಡಿನ ಸೊಗಡೂ ಈ ಚಿತ್ರಗಳಿಗೆ ಬಂತು. ಕೊಳ್ಳೇಗಾಲ, ಹನೂರಿನ ಕಡೆ ಮಾದಪ್ಪನ ಭಕ್ತರಾದ ದೇವರ ಗುಡ್ಡರು ಕಂಸಾಳೆ ಎಂಬ ಹಿತ್ತಾಳೆ ತಾಳ ಬಡಿಯುತ್ತ, ಕುಣಿಯುತ್ತ ರಾತ್ರಿಯಿಡೀ ಕಥೆ ಹಾಡುತ್ತಾರೆ. ಜನಪದದ ಆ ಸೊಗಡು 1996ರ 'ಜನುಮದ ಜೋಡಿ'ಯಲ್ಲಿದೆ. ನಿರ್ಮಾಣ ಪಾರ್ವತಮ್ಮ, ನಿರ್ದೇಶನ ಟಿ.ಎಸ್. ನಾಗಾಭರಣ, ನಾಯಕ ಹಿರಿಯ ಮಗ ಶಿವರಾಜ್‌ಕುಮಾರ್. ಅದರ ಜನಪದ ಗೀತೆಯೊಂದನ್ನು ಹಾಡಿದ ಎಲ್.ಎನ್. ಶಾಸ್ತ್ರಿಯವರಿಗೆ ರಾಜ್ಯಪ್ರಶಸ್ತಿ ಬಂತು.

ಸಿಂಗಾನಲ್ಲೂರು, ಗಾಜನೂರುಗಳ ನಡುವಿನ ಆ ಕಾಡೇ ಒಮ್ಮೆ ಈ ಮನೆಯವರನ್ನು ಅಳುವಂತೆ ಮಾಡಿತು. 2000ದ ಜುಲೈ 30ರ ರಾತ್ರಿ ಕಾಡುಗಳ್ಳ ವೀರಪ್ಪನ್ ಗಾಜನೂರಿನ ಮನೆಗೆ ನುಗ್ಗಿ, ಎಪ್ಪತ್ತು ದಾಟಿದ ರಾಜ್‌ಕುಮಾರರನ್ನು ಹೊತ್ತೊಯ್ದ. ವೀರಪ್ಪನ್ ಈಗಿನ ಹನೂರು ತಾಲ್ಲೂಕಿನ ಗೋಪಿನಾಥಂನವನು. 108 ದಿನ ಕರ್ನಾಟಕ ಉಸಿರು ಬಿಗಿಹಿಡಿದು ಕಾಯಿತು. ನವೆಂಬರ್ 15ರಂದು ಅವರು ಬಿಡುಗಡೆಯಾದರು. ಅದೇ ವರ್ಷ ತೆರೆಕಂಡಿದ್ದ 'ಶಬ್ದವೇಧಿ'ಯೇ ಅವರ ಕೊನೆಯ ಚಿತ್ರವಾಯಿತು. ಪಾರ್ವತಮ್ಮ ನಿಲ್ಲಲಿಲ್ಲ, 2002ರಲ್ಲಿ 'ಅಪ್ಪು' ತೆಗೆದು ಪುನೀತ್‌ನನ್ನು ನಾಯಕನನ್ನಾಗಿ ಮಾಡಿದರು.

ರಾಜ್‌ಕುಮಾರ್ 2006ರ ಏಪ್ರಿಲ್ 12ರಂದು, ಪಾರ್ವತಮ್ಮ 2017ರ ಮೇ 31ರಂದು ತೀರಿಕೊಂಡರು. ಪಾರ್ವತಮ್ಮ ಮಾಡುತ್ತಿದ್ದ ನಿರ್ಮಾಣದ ಕೆಲಸ ಈಗ ಸೊಸೆಯರ ಕೈಯಲ್ಲಿದೆ. ಪುನೀತ್ ಕರ್ನಾಟಕದ ಕಾಡುಗಳನ್ನು ಸುತ್ತಿದ 'ಗಂಧದ ಗುಡಿ' ಚಿತ್ರವನ್ನು ಅವರು ತೀರಿಕೊಂಡ ಮರುವರ್ಷ, 2022ರಲ್ಲಿ, ಹೆಂಡತಿ ಅಶ್ವಿನಿ ಬಿಡುಗಡೆ ಮಾಡಿದರು. ಅದೇ ವರ್ಷದ ಕೊನೆಗೆ ಬಂದ ಶಿವರಾಜ್‌ಕುಮಾರರ 'ವೇದ'ದ ನಿರ್ಮಾಪಕಿ ಅವರ ಹೆಂಡತಿ ಗೀತಾ.