ಹಿಮದಲ್ಲಿ ದಾರಿ ಹುಡುಕಿದ ಹಳ್ಳಿ ಮೆಕ್ಯಾನಿಕ್

ದೆಹಲಿ ಕಡೆ ಕೆಲಸ ಮಾಡುವ ನಮ್ಮಂಥವರಿಗೆ ಡಿಸೆಂಬರ್ ಬಂತೆಂದರೆ ಎರಡು ಮಾತು ತಪ್ಪುವುದಿಲ್ಲ. ಒಂದು, ಹೊಗೆಮಂಜನ್ನು ಬೈಯುವುದು. ಇನ್ನೊಂದು, ಗುಲ್ಮಾರ್ಗ್‌ಗೋ ಮನಾಲಿಗೋ ಹೋಗಿಬರುವ ಲೆಕ್ಕಾಚಾರ. ಹೋಗಿಬಂದವರು ಹಿಮದ ಫೋಟೊಗಳ ಜೊತೆಗೆ ಒಂದು ದೂರನ್ನೂ ತರುತ್ತಾರೆ: ಸ್ನೋ ಸ್ಕೂಟರಿನ ಮೇಲೆ ನಾಲ್ಕು ಸುತ್ತು ಹೊಡೆಯಲು ಅಷ್ಟೊಂದು ದುಡ್ಡೇ? ಮೋಜಿಗೆ ಕೊಟ್ಟ ದುಡ್ಡು ಎರಡು ದಿನದಲ್ಲಿ ಮರೆತುಹೋಗುತ್ತದೆ. ಆದರೆ ಅದೇ ಗಾಡಿಯಿಲ್ಲದೆ ಮನೆಗೆ ಊಟ ತರಲಾಗದ ಜನರೂ ಈ ಭೂಮಿಯ ಮೇಲಿದ್ದಾರೆ. ಆ ಗಾಡಿ ಹುಟ್ಟಿದ್ದಂತೂ ಮೋಜಿಗಲ್ಲ. ಅದರ ಹಿಂದೆ ಒಂದು ಸಣ್ಣ ಊರು, ಒಂದು ಗ್ಯಾರೇಜು ಮತ್ತು ಎರಡು ವರ್ಷದ ಮಗುವಿನ ಸಾವು ಇದೆ.

ಅದನ್ನು ಮಾಡಿದವನ ಹೆಸರು ನಮಗೆ ಅಪರಿಚಿತವೇನಲ್ಲ. ನಾನು ದಿನವೂ ಗುರುಗ್ರಾಮಕ್ಕೆ ಹೋಗುವ ಹಳದಿ ಮಾರ್ಗದ ಮೆಟ್ರೊಗೆ ರೈಲು ಪೂರೈಸಿದ ಮುಖ್ಯ ಕಂಪನಿಗಳಲ್ಲಿ ಬೊಂಬಾರ್ಡಿಯರ್ ಒಂದು. ಸಣ್ಣ ಊರುಗಳಿಗೆ ಹಾರುವ ಕ್ಯೂ400 ವಿಮಾನದ ಮೇಲೂ ಬಹಳ ಕಾಲ ಅದೇ ಹೆಸರಿತ್ತು. ಎಷ್ಟೋ ವರ್ಷ ನಾನು ಅದನ್ನು ಬರೀ ಕಂಪನಿಯ ಹೆಸರು ಅಂದುಕೊಂಡೇ ಓಡಾಡಿದ್ದೆ. ಅದು ಡಿಗ್ರಿಯಿಲ್ಲದ ಒಬ್ಬ ಮೆಕ್ಯಾನಿಕ್‌ನ ಮನೆತನದ ಹೆಸರು.

ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯರ್ ಹುಟ್ಟಿದ್ದು 1907ರ ಏಪ್ರಿಲ್ 16ರಂದು, ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್ಕೂರ್ ಎಂಬ ಊರಿನಲ್ಲಿ. ಮನೆಮಾತು ಫ್ರೆಂಚ್. ತಂದೆ ಆಲ್ಫ್ರೆಡ್ ಮೊದಲು ಬೇಸಾಯಗಾರ, ಆಮೇಲೆ ಊರಿನ ಅಂಗಡಿಯ ಮಾಲೀಕ. ದೊಡ್ಡ ಸಂಸಾರ, ಇವನೇ ಹಿರಿಯ ಮಗ. ಚಿಕ್ಕಂದಿನಿಂದಲೂ ಇವನ ಕೈಗೆ ಸಿಕ್ಕ ಗಡಿಯಾರ ಸುಮ್ಮನಿರುತ್ತಿರಲಿಲ್ಲ. ಅದರ ಸ್ಪ್ರಿಂಗು, ಚಕ್ರಗಳನ್ನು ಕಿತ್ತು ತಾನಾಗಿ ಓಡುವ ಆಟಿಕೆ ರೈಲು, ದೋಣಿ, ಟ್ರ್ಯಾಕ್ಟರ್ ಮಾಡುತ್ತಿದ್ದ. ಹಿರಿಯ ಮಗ ಪಾದ್ರಿಯಾಗಲಿ ಎಂದು ಮನೆಯವರು ಅವನನ್ನು ಶೆರ್ಬ್ರೂಕ್ ನಗರದ ಸೆಮಿನರಿ ಶಾಲೆಗೆ ಸೇರಿಸಿದರು. ಪಾಠ ಅಲ್ಲಿ ನಡೆಯಿತು, ಮನಸ್ಸು ಮಾತ್ರ ಎಂಜಿನ್ನಿನಲ್ಲೇ ಉಳಿಯಿತು.

ಆ ಕಾಲದ ಕ್ವಿಬೆಕ್ ಹಳ್ಳಿಗಳ ಚಳಿಗಾಲವನ್ನು ಸ್ವಲ್ಪ ಊಹಿಸಿಕೊಳ್ಳಬೇಕು. ರಸ್ತೆಯ ಹಿಮ ತೆಗೆಯುವವರಿರಲಿಲ್ಲ. ನವೆಂಬರ್ ಹೊತ್ತಿಗೆ ಕಾರಿದ್ದವರು ಅದನ್ನು ಕೊಟ್ಟಿಗೆಗೆ ಸೇರಿಸಿ, ಮರದ ದಿಮ್ಮಿಯ ಮೇಲೆ ಎತ್ತಿ ನಿಲ್ಲಿಸಿ, ವಸಂತ ಬರುವ ತನಕ ಮರೆತುಬಿಡುತ್ತಿದ್ದರು. ಉಳಿದದ್ದು ಕುದುರೆ ಎಳೆಯುವ ಜಾರುಬಂಡಿ. ವೈದ್ಯ, ಪಾದ್ರಿ, ಅಂಚೆಯವನು, ಎಲ್ಲರೂ ಕುದುರೆಯ ವೇಗಕ್ಕೇ ಕಟ್ಟುಬಿದ್ದವರು. ಹಿಮ ಹೆಚ್ಚು ಬಿದ್ದರೆ ಕುದುರೆಯೂ ಸೋಲುತ್ತಿತ್ತು.

1922ರ ಕೊನೆಯ ದಿನ, ಹದಿನೈದರ ಹುಡುಗ ಒಂದು ಸಾಹಸ ಮಾಡಿದ. ತಂದೆ ಕೊಡಿಸಿದ್ದ ಹಳೆಯ ಫೋರ್ಡ್ ಮಾಡೆಲ್ ಟಿ ಎಂಜಿನ್ನನ್ನು ಜಾರುಬಂಡಿಗೆ ಕೂರಿಸಿ, ಹಿಂದುಗಡೆ ವಿಮಾನದ್ದರಂತೆ ಮರದ ಪ್ರೊಪೆಲ್ಲರ್ ಜೋಡಿಸಿದ್ದ. ಮುಂದೆ ತಮ್ಮ ಲಿಯೋಪೋಲ್ಡ್ ದಿಕ್ಕು ತಿರುಗಿಸಲು ಕೂತ, ಹಿಂದೆ ಇವನು ಎಂಜಿನ್ ನೋಡಿಕೊಂಡ. ಬಂಡಿ ಕುದುರೆಯಿಲ್ಲದೆ, ಊರೆಲ್ಲ ಕೇಳುವಂಥ ಸದ್ದು ಮಾಡುತ್ತ ಬೀದಿಯಲ್ಲಿ ಓಡಿಯೇಬಿಟ್ಟಿತು. ತಂದೆಗೆ ಹೆಮ್ಮೆಗಿಂತ ಗಾಬರಿಯೇ ಹೆಚ್ಚಾಯಿತು. ಬಯಲಲ್ಲಿ ತಿರುಗುವ ಪ್ರೊಪೆಲ್ಲರಿಗೆ ಯಾರದಾದರೂ ಕೈಯೋ ತಲೆಯೋ ಸಿಕ್ಕರೆ ಗತಿಯೇನು? ಅದೇ ದಿನ ಅದನ್ನು ಬಿಚ್ಚಿಹಾಕಲು ಹೇಳಿದ. ಹುಡುಗ ಬಿಚ್ಚಿದ. ಆದರೆ ಹಿಮದ ಮೇಲೆ ಯಂತ್ರ ಓಡಬಲ್ಲದು ಎನ್ನುವುದು ಅವನಿಗೆ ಆಗಲೇ ಖಾತ್ರಿಯಾಗಿತ್ತು.

ಹದಿನೇಳಕ್ಕೆ ಸೆಮಿನರಿ ಬಿಟ್ಟ. ಒಂದು ಗ್ಯಾರೇಜಿನಲ್ಲಿ ಕೆಲಸ ಕಲಿತು ಆಮೇಲೆ ಮಾಂಟ್ರಿಯಲ್‌ಗೆ ಹೋದ. ಹಗಲು ಮೆಕ್ಯಾನಿಕ್ ಕೆಲಸ, ಸಂಜೆ ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ತರಗತಿಗಳು. ತಾಂತ್ರಿಕ ಪತ್ರಿಕೆಗಳೆಲ್ಲ ಇಂಗ್ಲಿಷಿನಲ್ಲಿದ್ದುದರಿಂದ ಅಂಚೆ ಪಾಠದಲ್ಲಿ ಇಂಗ್ಲಿಷ್ ಕಲಿತ. ಕನ್ನಡ ಮಾಧ್ಯಮದಲ್ಲಿ ಓದಿ, ಎಂಜಿನಿಯರಿಂಗ್ ಸೇರಿದ ಮೊದಲ ವರ್ಷ ನಿಘಂಟು ಹಿಡಿದು ಕೂತ ನಮ್ಮಲ್ಲಿ ಹಲವರಿಗೆ ಈ ಭಾಗ ಬೇಗ ಅರ್ಥವಾಗುತ್ತದೆ. ನಮಗೂ ಅವನಿಗೂ ದಾರಿ ಬೇರೆಯಾಗುವುದು ಇದರ ನಂತರ. 1926ರಲ್ಲಿ, ಹತ್ತೊಂಬತ್ತನೆಯ ವಯಸ್ಸಿಗೆ ಅವನು ಊರಿಗೆ ವಾಪಸಾದ. ತಂದೆಯ ನೆರವಿನಿಂದ ವಾಲ್ಕೂರಿನಲ್ಲೇ ಗ್ಯಾರೇಜು ತೆರೆದ. 1929ರಲ್ಲಿ ಇವೋನ್ ಲಾಬ್ರೆಕ್‌ಳನ್ನು ಮದುವೆಯಾದ.

ಬೇಸಿಗೆಯಲ್ಲಿ ಗ್ಯಾರೇಜಿಗೆ ಕೈತುಂಬ ಕೆಲಸ. ಚಳಿಗಾಲದಲ್ಲಿ ಕಾರುಗಳೆಲ್ಲ ಕೊಟ್ಟಿಗೆ ಸೇರಿದಾಗ ಬಿಡುವೋ ಬಿಡುವು. ಆ ಬಿಡುವಿನಲ್ಲೇ ಹಿಮದ ಗಾಡಿಯ ಪ್ರಯೋಗ. ಕಷ್ಟವೇನೆಂದರೆ, ಮೆತ್ತನೆಯ ಹಿಮದಲ್ಲಿ ಚಕ್ರ ಹೂತುಹೋಗುತ್ತದೆ. ಗಾಡಿಯ ಭಾರವನ್ನು ಅಗಲಕ್ಕೆ ಹರಡಬೇಕು. ಅದಕ್ಕೆ ಟ್ಯಾಂಕಿಗಿರುವಂಥ ಪಟ್ಟಿ ಬೇಕು. ಕಬ್ಬಿಣದ ಪಟ್ಟಿ ಹಾಕಿದರೆ ಭಾರ ಹೆಚ್ಚು. ಹಲ್ಲುಚಕ್ರಕ್ಕೂ ಪಟ್ಟಿಗೂ ನಡುವೆ ಹಿಮ ಸಿಕ್ಕಿ, ಗಟ್ಟಿಯಾಗಿ, ಇಡೀ ವ್ಯವಸ್ಥೆ ಕಚ್ಚಿಕೊಂಡು ನಿಲ್ಲುತ್ತಿತ್ತು. ಮಾಡುವುದು, ಕೆಡುವುದು, ಬಿಚ್ಚುವುದು, ಮತ್ತೆ ಮಾಡುವುದು. ಹೀಗೆ ಚಳಿಗಾಲದ ಮೇಲೆ ಚಳಿಗಾಲ ಕಳೆದವು.

1934ರ ಚಳಿಗಾಲದಲ್ಲಿ ಅವನ ಎರಡು ವರ್ಷದ ಮಗ ಇವೋನ್‌ಗೆ ಹೊಟ್ಟೆನೋವು ಬಂತು. ಅಪೆಂಡಿಸೈಟಿಸ್. ಕರುಳಬಾಲ ಒಡೆದು ವಿಷ ಹೊಟ್ಟೆಗೆಲ್ಲ ಹರಡಿತು. ಶಸ್ತ್ರಚಿಕಿತ್ಸೆ ಮಾಡಬಲ್ಲ ಆಸ್ಪತ್ರೆ ಇದ್ದದ್ದು ಶೆರ್ಬ್ರೂಕ್‌ನಲ್ಲಿ, ಸುಮಾರು 50 ಕಿಲೋಮೀಟರ್ ದೂರ. ರಸ್ತೆಗಳೆಲ್ಲ ಹಿಮದಡಿ ಮುಚ್ಚಿಹೋಗಿದ್ದವು. ಇಷ್ಟು ವರ್ಷ ಇದೇ ಹಿಮವನ್ನು ದಾಟಲೆಂದು ಕಟ್ಟುತ್ತಿದ್ದ ಗಾಡಿ, ಆ ದಿನ ಬಿಡಿಭಾಗಗಳಾಗಿ ಗ್ಯಾರೇಜಿನ ನೆಲದ ಮೇಲಿತ್ತು. ಮಗು ಉಳಿಯಲಿಲ್ಲ.

ಇದನ್ನು ಓದಿದಾಗ ನಾನು ಮುಂದಿನ ಪುಟಕ್ಕೆ ಹೋಗಲು ಸ್ವಲ್ಪ ಹೊತ್ತು ಬೇಕಾಯಿತು. ಮಲೆನಾಡಿನ ಒಳಹಳ್ಳಿಯಲ್ಲಿ ಬೆಳೆದವರಿಗೆ ಹಿಮ ಗೊತ್ತಿರಲಿಕ್ಕಿಲ್ಲ, ಆದರೆ ಕಾಲುಸಂಕ ಕೊಚ್ಚಿಕೊಂಡು ಹೋದ ಜುಲೈ ತಿಂಗಳು ಗೊತ್ತು. ರೋಗಿಯನ್ನು ಕಂಬಳಿಯಲ್ಲಿ ಕಟ್ಟಿ ಹೊತ್ತು ನಡೆಯುವುದು ಗೊತ್ತು. ಅಪ್ಪ ಅಮ್ಮನನ್ನು ಊರಲ್ಲಿ ಬಿಟ್ಟು ದೂರದಲ್ಲಿ ದುಡಿಯುವ ನಮ್ಮೆಲ್ಲರ ತಲೆಯೊಳಗೂ ಒಂದು ಲೆಕ್ಕ ಸದಾ ಓಡುತ್ತಿರುತ್ತದೆ: ಮನೆಯಿಂದ ಆಸ್ಪತ್ರೆಗೆ ಎಷ್ಟು ಹೊತ್ತು?

ಬೊಂಬಾರ್ಡಿಯರ್ ಮತ್ತೆ ಗ್ಯಾರೇಜಿಗೆ ಹೋದ. 1935ರಲ್ಲಿ ಉತ್ತರ ಸಿಕ್ಕಿತು. ಹಲ್ಲುಚಕ್ರಕ್ಕೆ ರಬ್ಬರಿನ ಹೊದಿಕೆ, ಅದರ ಸುತ್ತ ರಬ್ಬರ್ ಮತ್ತು ಹತ್ತಿಬಟ್ಟೆಯ ಪಟ್ಟಿ, ಪಟ್ಟಿಗೆ ಅಡ್ಡಲಾಗಿ ಲೋಹದ ಕಡ್ಡಿಗಳು. ರಬ್ಬರ್ ಬಾಗುವುದರಿಂದ ಹಿಮ ಅಂಟಿಕೊಂಡು ಗಟ್ಟಿಯಾಗುವುದಿಲ್ಲ. ಗಾಡಿ ಹಗುರ, ಹಿಡಿತ ಬಿಗಿ. ಮುಂದೆ ತಿರುಗಿಸಲು ಸ್ಕೀ, ಹಿಂದೆ ತಳ್ಳಲು ಪಟ್ಟಿ. ಇದಕ್ಕೆ 1937ರ ಜೂನ್‌ನಲ್ಲಿ ಪೇಟೆಂಟ್ ಬಂತು. ಇಂದಿನ ಸ್ನೋಮೊಬೈಲ್‌ನಲ್ಲಿ ಎಂಜಿನ್ ಬದಲಾಗಿದೆ, ಆಕಾರ ಬದಲಾಗಿದೆ. ಮುಂದೆ ಸ್ಕೀ, ಹಿಂದೆ ರಬ್ಬರ್ ಪಟ್ಟಿ ಎಂಬ ಸೂತ್ರ ಮಾತ್ರ ಹಾಗೇ ಇದೆ.

ಮೊದಲು ಮಾರಾಟಕ್ಕೆ ಬಂದದ್ದು ಏಳು ಜನ ಕೂರುವ ಬಿ7, ಸುತ್ತಲೂ ಮುಚ್ಚಿದ ಬಸ್ಸಿನಂಥ ಗಾಡಿ. ಬೆಲೆ ಸಾವಿರ ಡಾಲರಿಗಿಂತ ತುಸು ಹೆಚ್ಚು. ಆ ಕಾಲಕ್ಕೆ ಅದು ಸಾಮಾನ್ಯ ರೈತನಿಗೆ ಎಟುಕುವ ಮೊತ್ತವಲ್ಲ. ಕೊಂಡವರು ವೈದ್ಯರು, ಹೋಟೆಲಿನವರು, ವ್ಯಾಪಾರಿಗಳು, ಅಂದರೆ ಗಾಡಿಯಿಂದಲೇ ದುಡಿದು ಗಾಡಿಯ ಸಾಲ ತೀರಿಸಬಲ್ಲವರು. ಅದು ಆಂಬುಲೆನ್ಸ್ ಆಯಿತು, ಅಂಚೆ ಗಾಡಿಯಾಯಿತು. ಆಮೇಲೆ ಹನ್ನೆರಡು ಜನರ ಬಿ12 ಬಂತು, ಶಾಲೆಯ ಮಕ್ಕಳನ್ನು ಹೊರುವ ಇನ್ನೂ ದೊಡ್ಡ ಸಿ18 ಬಂತು. 1942ರಲ್ಲಿ ಕಂಪನಿ ನೋಂದಣಿಯಾಯಿತು. ಯುದ್ಧದ ಅಭಾವದ ಕಾಲ ಅದು. ಹೊಟ್ಟೆಪಾಡಿಗೆ ಅನಿವಾರ್ಯ ಎಂದು ತೋರಿಸಿದವರಿಗಷ್ಟೇ ಇಂಥ ಗಾಡಿ ಕೊಳ್ಳಲು ಅನುಮತಿ. ಕಾರ್ಖಾನೆ ಸೈನ್ಯಕ್ಕೆ ಗಾಡಿ ಮಾಡಿಕೊಟ್ಟು ಬದುಕಿಕೊಂಡಿತು.

ಯುದ್ಧ ಮುಗಿದ ಮೇಲೆ ಒಂದು ವಿಚಿತ್ರ ಪೆಟ್ಟು ಬಿತ್ತು. 1948ರ ಸುಮಾರಿಗೆ ಕ್ವಿಬೆಕ್ ಸರ್ಕಾರ ಹಳ್ಳಿ ರಸ್ತೆಗಳ ಹಿಮವನ್ನೂ ಚಳಿಗಾಲದುದ್ದಕ್ಕೂ ತೆಗೆಸಲು ಮುಂದಾಯಿತು. ರಸ್ತೆ ತೆರೆದರೆ ಹಿಮದ ಬಸ್ಸು ಯಾರಿಗೆ ಬೇಕು? ಮಾರಾಟ ಕುಸಿಯಿತು. 1934ರಲ್ಲಿ ಅವನ ಮನೆಗೆ ಬೇಕಾಗಿದ್ದ ರಸ್ತೆ ಹದಿನಾಲ್ಕು ವರ್ಷ ತಡವಾಗಿ ಬಂತು, ಬಂದದ್ದೇ ಅವನ ಕಸುಬಿನ ಬುಡಕ್ಕೆ ಕೈಹಾಕಿತು. ಅವನು ಸರ್ಕಾರವನ್ನು ಶಪಿಸುತ್ತ ಕೂರಲಿಲ್ಲ. ರಸ್ತೆ ಎಂದೂ ಹೋಗದ ಜಾಗಗಳ ಕಡೆ ನೋಡಿದ. ಕಾಡು, ಗಣಿ, ಜೌಗುನೆಲ. 1953ರಲ್ಲಿ ಬಂದ ಮಸ್ಕೆಗ್ ಟ್ರ್ಯಾಕ್ಟರ್ ಕೆಸರಿನಲ್ಲೂ ಹಿಮದಲ್ಲೂ ಮುಳುಗದೆ ಭಾರ ಹೊರುತ್ತಿತ್ತು. ಕಂಪನಿ ಮತ್ತೆ ಎದ್ದು ನಿಂತಿತು.

ಹದಿನೈದನೇ ವಯಸ್ಸಿನ ಆಸೆ ಮಾತ್ರ ಉಳಿದೇ ಇತ್ತು. ಒಬ್ಬಿಬ್ಬರು ಕೂತು ಹೋಗುವ ಸಣ್ಣ ಗಾಡಿ ಮಾಡಬೇಕು. ಅದಕ್ಕೆ ಬೇಕಾದ ಹಗುರ ಎಂಜಿನ್ ಐವತ್ತರ ದಶಕದ ಕೊನೆಗೆ ಸಿಗತೊಡಗಿತು. ಮಗ ಜರ್ಮೇನ್ ಜೋಡಣೆಯಿಲ್ಲದ ಒಂದೇ ತುಂಡಿನ ರಬ್ಬರ್ ಪಟ್ಟಿ ಸಿದ್ಧಪಡಿಸಿದ್ದ. 1959ರಲ್ಲಿ ಸ್ಕೀ-ಡೂ ಹೊರಬಂತು. ನಾಯಿಬಂಡಿಯ ಜಾಗ ತುಂಬುವ ಗಾಡಿಯೆಂದು ಇಟ್ಟ ಹೆಸರು ಸ್ಕೀ-ಡಾಗ್, ಅಚ್ಚಿನ ತಪ್ಪಿನಿಂದ ಸ್ಕೀ-ಡೂ ಆಯಿತು ಎನ್ನುತ್ತಾರೆ. ಮೊದಲ ಗಾಡಿಗಳಲ್ಲಿ ಒಂದು ಹೋದದ್ದು ಉತ್ತರ ಒಂಟಾರಿಯೊದ ಮೂಲನಿವಾಸಿಗಳ ನಡುವೆ ಕೆಲಸ ಮಾಡುತ್ತಿದ್ದ ಪಾದ್ರಿ ಮಿತ್ರನಿಗೆ. ಬೊಂಬಾರ್ಡಿಯರ್‌ನ ಕಣ್ಣಿನಲ್ಲಿದ್ದ ಗಿರಾಕಿಗಳು ಅಂಥವರೇ: ಪಾದ್ರಿ, ಬೇಟೆಗಾರ, ಸರ್ವೆಯವರು. ಮೊದಲ ವರ್ಷ ಮಾರಾಟವಾದದ್ದು 225. ಐದು ವರ್ಷದೊಳಗೆ ಅದು ವರ್ಷಕ್ಕೆ ಎಂಟು ಸಾವಿರ ಮುಟ್ಟಿತು. ಕೊಂಡವರಲ್ಲಿ ಬಹಳ ಜನ ವಾರಾಂತ್ಯದ ಮೋಜಿಗೆ ಬಂದವರು. ಈ ಭರಾಟೆಯನ್ನು ಪೂರ್ತಿ ನೋಡಲು ಅವನಿರಲಿಲ್ಲ. 1964ರ ಫೆಬ್ರವರಿ 18ರಂದು ಕ್ಯಾನ್ಸರ್‌ನಿಂದ ತೀರಿಕೊಂಡ. ಆಗ ವಯಸ್ಸು 56. ಹೆಸರಿನಲ್ಲಿ ನಲವತ್ತಕ್ಕೂ ಹೆಚ್ಚು ಪೇಟೆಂಟ್‌ಗಳಿದ್ದವು. ಕಂಪನಿಯನ್ನು ರೈಲು, ವಿಮಾನಗಳಿಗೆ ಕೊಂಡೊಯ್ದದ್ದು ಅಳಿಯ ಲೋರಾಂ ಬೋದ್ವಾನ ಕಾಲದಲ್ಲಿ.

ಗಾಡಿ ಅವನ ಕೈಬಿಟ್ಟ ಮೇಲೆ ಏನಾಯಿತು ಎಂಬುದೂ ಈ ಜೀವನಚರಿತ್ರೆಯದೇ ಭಾಗ ಎಂದು ನನಗನ್ನಿಸುತ್ತದೆ. ಉತ್ತರ ಕೆನಡಾದ ನುನಾವುಟ್ ಪ್ರದೇಶದಲ್ಲಿ 25 ಊರುಗಳಿವೆ. ಒಂದರಿಂದ ಇನ್ನೊಂದಕ್ಕೆ ರಸ್ತೆಯಿಲ್ಲ, ದಕ್ಷಿಣದ ನಗರಗಳಿಂದಲೂ ಇಲ್ಲ. ಬೇಸಿಗೆಯಲ್ಲಿ ಮಂಜುಗಡ್ಡೆ ಕರಗಿದಾಗ ಹಡಗು, ಉಳಿದಂತೆ ವಿಮಾನ. ಹಾಲು, ಹಣ್ಣು, ತರಕಾರಿ ಹಾರಿಕೊಂಡು ಬರುತ್ತವೆ, ಬೆಲೆಯೂ ಜೊತೆಗೇ ಹಾರುತ್ತದೆ. ದಕ್ಷಿಣಕ್ಕಿಂತ ಎರಡು ಮೂರು ಪಟ್ಟು ಬೆಲೆ ಅಲ್ಲಿ ಅಚ್ಚರಿಯಲ್ಲ. ಹಾಗಾಗಿ ಇನ್ಯೂಟ್ ಕುಟುಂಬಗಳಿಗೆ ಸೀಲ್, ಕ್ಯಾರಿಬೂ, ಮೀನಿನ ಬೇಟೆ ಇಂದಿಗೂ ಅಡುಗೆಮನೆಯ ಆಧಾರ. ಬೇಟೆಗೆ ಹೋಗಲು ಸ್ನೋಮೊಬೈಲ್ ಬೇಕು. ಹಿಂದೆ ನಾಯಿಗಳಿದ್ದವು. ಬೇಟೆಯ ಮಾಂಸವನ್ನೇ ತಿಂದು ಓಡುತ್ತಿದ್ದವು, ಅವಕ್ಕೆ ನಗದು ಬೇಕಿರಲಿಲ್ಲ. ಗಾಡಿಗೆ ಪೆಟ್ರೋಲು, ಆಯಿಲ್ಲು, ಪಟ್ಟಿ, ಬೆಲ್ಟು ಎಲ್ಲಕ್ಕೂ ರೊಕ್ಕ ಎಣಿಸಬೇಕು. ಹೊಸ ಗಾಡಿಗೆ ಹತ್ತು ಸಾವಿರ ಡಾಲರ್ ದಾಟುತ್ತದೆ. ಸಮುದ್ರದ ಒರಟು ಮಂಜುಗಡ್ಡೆಯ ಮೇಲೆ ಅದು ಬೇಗ ಸವೆಯುತ್ತದೆ. ಅಂಗಡಿಯ ಊಟ ದುಬಾರಿಯೆಂದು ಬೇಟೆಗೆ ಹೋಗಬೇಕು, ಬೇಟೆಗೆ ಹೋಗಲು ಸಂಬಳದ ನೌಕರಿ ಬೇಕು, ನೌಕರಿಗೆ ಹೋದರೆ ಬೇಟೆಗೆ ಬಿಡುವಿಲ್ಲ.

ಇದೇ ಕಥೆ ಯುರೋಪಿನ ತುತ್ತತುದಿಯಲ್ಲೂ ನಡೆದಿದೆ. ಫಿನ್ಲೆಂಡಿನ ಉತ್ತರದಲ್ಲಿ ಹಿಮಸಾರಂಗ ಸಾಕುವ ಸಾಮಿ ಜನರ ನಡುವೆ ಅರವತ್ತರ ದಶಕದ ಆರಂಭದಲ್ಲಿ ಸ್ನೋಮೊಬೈಲ್ ಬಂತು. ಕೆಲವೇ ವರ್ಷಗಳಲ್ಲಿ ಸಾರಂಗ ಎಳೆಯುವ ಬಂಡಿ ಮಾಯವಾಯಿತು. ಮಾನವಶಾಸ್ತ್ರಜ್ಞ ಪೆರ್ಟಿ ಪೆಲ್ಟೊ ಅಲ್ಲಿದ್ದು ಅಧ್ಯಯನ ಮಾಡಿ 1973ರಲ್ಲಿ ಪುಸ್ತಕ ಪ್ರಕಟಿಸಿದ. ದಿನಗಟ್ಟಲೆ ಹಿಡಿಯುತ್ತಿದ್ದ ಪ್ರಯಾಣ ಗಂಟೆಗಳಿಗೆ ಇಳಿದದ್ದು ನಿಜ. ಗಾಡಿಯ ಖರ್ಚು ಭರಿಸಲಾಗದ ಬಡ ಕುಟುಂಬಗಳು ಸಾರಂಗ ಸಾಕಣೆಯಿಂದಲೇ ಹೊರಬಿದ್ದದ್ದೂ ಅಷ್ಟೇ ನಿಜ. ಮೊದಲೇ ಉಳ್ಳವರ ಹಿಂಡು ಉಳಿಯಿತು. ಒಂದು ಕಾಲಕ್ಕೆ ಹೆಚ್ಚುಕಡಿಮೆ ಸಮಾನರಾಗಿದ್ದ ಜನರ ನಡುವೆ ಪೆಟ್ರೋಲಿನ ಬಿಲ್ಲು ಗೆರೆ ಎಳೆಯಿತು.

ಇದಕ್ಕೆ ಬೊಂಬಾರ್ಡಿಯರ್‌ನನ್ನು ಹೊಣೆ ಮಾಡುವುದು ನನಗೆ ಸರಿಕಾಣುವುದಿಲ್ಲ. ದಿನವಿಡೀ ಕೋಡ್ ಬರೆಯುವ ಕೆಲಸದಲ್ಲಿ ನಾನೂ ನೋಡಿದ್ದೇನೆ, ಸಮಯ ಉಳಿಸಲು ಮಾಡಿದ ವ್ಯವಸ್ಥೆಯೊಂದು ಬೇರೆ ಯಾರದೋ ಮೇಲೆ ಹೊಸ ಖರ್ಚು ಹೊರಿಸುತ್ತದೆ. ಮಾಡಿದವರಿಗೆ ಆ ಬಿಲ್ಲು ಬರುವುದಿಲ್ಲ, ಆದ್ದರಿಂದ ಕಾಣುವುದೂ ಇಲ್ಲ. ಅವನ ಮುಂದಿದ್ದ ಪ್ರಶ್ನೆ ಒಂದೇ, ಹಿಮದಲ್ಲಿ ಸಿಕ್ಕಿಬಿದ್ದ ಮನುಷ್ಯ ಸಮಯಕ್ಕೆ ಸರಿಯಾಗಿ ಹೇಗೆ ತಲುಪಬೇಕು? ಅದಕ್ಕೆ ಅವನು ಉತ್ತರ ಕೊಟ್ಟ. ತಲುಪುವ ಖರ್ಚು ಯಾರು ಕೊಡಬೇಕು ಎಂಬುದು ಮೆಕ್ಯಾನಿಕ್ ಒಬ್ಬನೇ ಬಿಡಿಸುವ ಲೆಕ್ಕವಲ್ಲ. ಅದು ಸರ್ಕಾರದ, ಸಮಾಜದ ಲೆಕ್ಕ.

ವಾಲ್ಕೂರಿನಲ್ಲಿ ಇಂದಿಗೂ ಸ್ಕೀ-ಡೂ ತಯಾರಾಗುತ್ತದೆ. ಲಕ್ಷಾಂತರ ಗಾಡಿಗಳು ಹೊರಹೋದರೂ ಕಾರ್ಖಾನೆ ಆ ಊರನ್ನು ಬಿಟ್ಟು ಹೋಗಲಿಲ್ಲ. 1926ರ ಆ ಗ್ಯಾರೇಜನ್ನು ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಉಳಿಸಿಕೊಂಡಿದ್ದಾರೆ. ಗುಲ್ಮಾರ್ಗ್‌ನಲ್ಲಿ ಸ್ನೋ ಸ್ಕೂಟರ್ ಹತ್ತುವ ಗೆಳೆಯರು ದರಕ್ಕಾಗಿ ಚೌಕಾಸಿ ಮಾಡಲಿ, ತಪ್ಪೇನಿಲ್ಲ. ಹತ್ತಿದ ಮೇಲೆ ಒಮ್ಮೆ ಬಗ್ಗಿ ಆ ರಬ್ಬರ್ ಪಟ್ಟಿಯನ್ನು ನೋಡಲಿ. ಅದು ಒಂದು ವರ್ಷ ಮೊದಲೇ ಸಿದ್ಧವಾಗಿದ್ದರೆ, ಶೆರ್ಬ್ರೂಕ್‌ನ ಆಸ್ಪತ್ರೆ ಆ ಮಗುವಿಗೆ ಅಷ್ಟೊಂದು ದೂರವಾಗುತ್ತಿರಲಿಲ್ಲ.