ರನ್ನನ ಬದುಕು ಮತ್ತು ಪ್ರತಿನಾಯಕನ ಸೃಷ್ಟಿ

ಕನ್ನಡ ಕಾವ್ಯಪರಂಪರೆಯಲ್ಲಿ ಪ್ರತಿನಾಯಕನಿಗೆ ಘನತೆಯನ್ನು ತಂದುಕೊಟ್ಟವರಲ್ಲಿ ರನ್ನನು ಪ್ರಮುಖನು. ಕ್ರಿ.ಶ. 949ರಲ್ಲಿ ಮುದುವೊಳಲಿನ, ಅಂದರೆ ಇಂದಿನ ಮುಧೋಳದ, ಬಳೆಗಾರ ಕುಲದಲ್ಲಿ ಜಿನವಲ್ಲಭೇಂದ್ರ ಮತ್ತು ಅಬ್ಬಲಬ್ಬೆಯರ ಮಗನಾಗಿ ಜನಿಸಿದ ಈತನು ವಿದ್ಯೆಯನ್ನರಸಿ ಗಂಗನಾಡಿಗೆ ತೆರಳಿ, ಅಜಿತಸೇನಾಚಾರ್ಯರ ಶಿಷ್ಯನೂ ಚಾವುಂಡರಾಯನ ಆಶ್ರಿತನೂ ಆದನು. ಮುಂದೆ ಚಾಳುಕ್ಯ ತೈಲಪನಿಂದ ಕವಿಚಕ್ರವರ್ತಿ ಎಂಬ ಬಿರುದನ್ನು ಪಡೆದನು. ಅತ್ತಿಮಬ್ಬೆಯ ಆಶ್ರಯದಲ್ಲಿ 993ರಲ್ಲಿ ಅಜಿತಪುರಾಣವನ್ನು ರಚಿಸಿ, ಆಕೆಯ ಚರಿತ್ರದ ಪಾವಿತ್ರ್ಯಕ್ಕೆ ಜೈನತೀರ್ಥವಾದ ಕೊಪಣಾಚಲವನ್ನು, ಎಂದರೆ ಇಂದಿನ ಕೊಪ್ಪಳದ ಬೆಟ್ಟವನ್ನು, ಹೋಲಿಕೆಯಾಗಿ ತಂದನು.

ಗದಾಯುದ್ಧದಲ್ಲಿ ಕವಿಯು ತೈಲಪನ ಮಗ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿದನು. ಆಶ್ರಯದಾತನ ಮೆಚ್ಚುಗೆಗೆ ದುರ್ಯೋಧನನನ್ನು ಬರಿಯ ದುಷ್ಟನನ್ನಾಗಿ ಚಿತ್ರಿಸಿದ್ದರೂ ಸಾಕಿತ್ತು. ರನ್ನನು ಹಾಗೆ ಮಾಡಲಿಲ್ಲ. ದ್ರೌಪದಿಗಾದ ಅಪಮಾನವನ್ನು ಮರೆಸದೆ, ಆಕೆಯ ರೋಷವನ್ನು ಕಾವ್ಯದ ಆರಂಭದಲ್ಲಿಯೇ ಇರಿಸಿದನು. ಅನಂತರ ದುರ್ಯೋಧನನನ್ನು ರಣಭೂಮಿಯಲ್ಲಿ ನಡೆಸಿ, ದ್ರೋಣ, ದುಶ್ಶಾಸನ, ಲಕ್ಷಣಕುಮಾರ, ಕರ್ಣರ ಕಳೇಬರಗಳೆದುರು ನಿಲ್ಲಿಸಿದನು. ಶತ್ರುಪುತ್ರನಾದ ಅಭಿಮನ್ಯುವಿನ ಶೌರ್ಯವನ್ನೂ ಅವನಿಂದ ಮನ್ನಿಸಿದನು. ವೈಶಂಪಾಯನ ಸರೋವರದಲ್ಲಿ ಅಡಗಿದವನನ್ನು ಹೊರತಂದದ್ದು ಭೀಮನ ಮೂದಲಿಕೆ ಕೆರಳಿಸಿದ ಅಭಿಮಾನ. ಹೀಗೆ ಅವನ ಹಿರಿಮೆಗೂ ವಿನಾಶಕ್ಕೂ ಛಲವೊಂದೇ ಮೂಲವಾಯಿತು.

ಈ ಕಾವ್ಯದ ನಿಜವಾದ ನಾಯಕನಾರೆಂಬ ಚರ್ಚೆ ಆಧುನಿಕ ವಿಮರ್ಶೆಯಲ್ಲಿ ಬಹುಕಾಲ ನಡೆದಿದೆ. ಅಪರಾಧವನ್ನು ಕ್ಷಮಿಸದೆಯೇ ಅಪರಾಧಿಯ ದುಃಖವನ್ನು ಕಾಣಿಸಿದ್ದು ರನ್ನನ ಪಾತ್ರಸೃಷ್ಟಿಯ ಸಾಧನೆ.