ನಾಳ್ಗಾವುಂಡಿ ಜಕ್ಕಿಯಬ್ಬೆ

ನಮ್ಮ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿಗೆ ಸೇರಿದ ಬಂದಳಿಕೆಯು ಪ್ರಾಚೀನ ಜೈನಕ್ಷೇತ್ರ. ರಾಷ್ಟ್ರಕೂಟ ಚಕ್ರವರ್ತಿ ಇಮ್ಮಡಿ ಕೃಷ್ಣನ ಕಾಲದಲ್ಲಿ, ಸುಮಾರು ಕ್ರಿ.ಶ. 911ರಲ್ಲಿ, ನಾಗರಖಂಡ-70ರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನನು ಮರಣ ಹೊಂದಲು, ಆ ಅಧಿಕಾರವು ಅವನ ಪತ್ನಿ ಜಕ್ಕಿಯಬ್ಬೆಗೆ ಪ್ರಾಪ್ತವಾಯಿತು. ಜಿನಭಕ್ತೆಯಾದ ಆ ಸಾಧ್ವಿಯು ಪತಿಯ ಹೊಣೆಯನ್ನು ಹೊತ್ತು ನಾಡನ್ನು ಸಮರ್ಥವಾಗಿ ಪಾಲಿಸಿದಳೆಂದು ಶಾಸನವು ಕೊಂಡಾಡುತ್ತದೆ. ಬಸದಿಗೆ ಗದ್ದೆಯನ್ನೂ ದತ್ತಿ ಬಿಟ್ಟಳು.

ಮುಂದೆ ದೇಹವು ವ್ಯಾಧಿಗ್ರಸ್ತವಾದಾಗ ಆಕೆ ಮಾಡಿದ ಕಾರ್ಯವು ಬಸದಿಗಳ ಧರ್ಮದರ್ಶಿಗಳು ಲಕ್ಷ್ಯವಿಟ್ಟು ನೋಡತಕ್ಕದ್ದು. ವ್ರತಕ್ಕೆ ಮುನ್ನವೇ ಮಗಳನ್ನು ಕರೆಯಿಸಿ, ತನ್ನ ಸ್ವತ್ತೆಲ್ಲವನ್ನೂ ಒಪ್ಪಿಸಿಬಿಟ್ಟಳು. ಪೆಟ್ಟಿಗೆಯ ಬೀಗದ ಕೈ ಎಲ್ಲಿದೆಯೆಂದು ಮಕ್ಕಳಿಗೂ ತಿಳಿಸದೆ ಕಣ್ಮುಚ್ಚಿದ ವರ್ತಕರನ್ನು ಶಿವಮೊಗ್ಗ, ಭದ್ರಾವತಿಯ ಪೇಟೆಗಳಲ್ಲಿ ನಾನೇ ಕಂಡಿದ್ದೇನೆ! ಜಕ್ಕಿಯಬ್ಬೆಯಾದರೋ ಮೋಹಪಾಶವನ್ನು ಕಳಚಿ, ಬಂದಳಿಕೆಯ ಬಸದಿಯಲ್ಲಿ ಸಲ್ಲೇಖನವನ್ನು ಸ್ವೀಕರಿಸಿ ದೇಹತ್ಯಾಗ ಮಾಡಿದಳು.